ಹನ್ನೆರಡನೇ ಗುಂಡಿ

"ಈ ದಾರದ ಗಂಟು ಯಾರದು, ಅಕ್ಕ?"

ಹೊಲಿಗೆ ಯಂತ್ರ ನಿಲ್ಲಲಿಲ್ಲ. ಅಕ್ಕನ ಕಾಲು ಪೆಡಲಿನ ಮೇಲೆ ಆಡುತ್ತಲೇ ಇತ್ತು. ಯಾರದೋ ಅಂಗಿಯ ತೋಳು ಸೂಜಿಯ ಕೆಳಗೆ ಸರಿಯುತ್ತಿತ್ತು.

"ಗಂಟಿಗೆಲ್ಲ ಯಜಮಾನ ಇರ್ತಾನೇನೇ? ಯಾವುದೋ ದರ್ಜಿದಿರತ್ತೆ."

"ಎದ್ದು ಬಂದು ನೋಡಿ ಹೇಳು."

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಪರದೆ ಹರಡಿತ್ತು. ಸರ್ಕಾರಿ ಗೆಸ್ಟ್‌ಹೌಸಿನ ಮೆಟ್ಟಿಲ ಪಕ್ಕದ ಕಿಟಕಿಯದು. ಕಪ್ಪು ಎಂದೇ ಹೇಳಬಹುದಾದ ನೀಲಿ ಬಣ್ಣ. ಒಂಬತ್ತು ದಿನದ ಹಿಂದೆ ಇದರ ಬುಡದಲ್ಲೇ ಗೆಸ್ಟ್‌ಹೌಸಿನ ಸ್ಟೋರ್‌ಕೀಪರ್ ತಲೆ ಒಡೆದು ಸತ್ತು ಬಿದ್ದಿದ್ದ. ಏಣಿಯಿಂದ ಜಾರಿದ ಎಂದು ಊರೆಲ್ಲ ಹೇಳುತ್ತಿತ್ತು. ಅಲ್ಲ ಎಂದು ಹೇಳುತ್ತಿದ್ದವಳು ಅವನ ಹೆಂಡತಿ ಒಬ್ಬಳೇ.

ಪರದೆ ತಂದವಳು ಜಾಗೃತ ದಳದ ಇನ್ಸ್‌ಪೆಕ್ಟರ್. ಕಚೇರಿಯಲ್ಲಿ ಅವಳಿಗೆ ಜಿಗಣೆ ಎಂದು ಹೆಸರು. ಕಚ್ಚಿದರೆ ಬಿಡುವವಳಲ್ಲ ಎಂದು ಬಯ್ಯಲಿಕ್ಕೆ ಇಟ್ಟ ಹೆಸರು. ಅವಳು ಅದನ್ನು ಹೊಗಳಿಕೆ ಎಂದೇ ಉಟ್ಟುಕೊಂಡು ಓಡಾಡುತ್ತಿದ್ದಳು. ಇವತ್ತು ಮಾತ್ರ ಕಚ್ಚಿದ್ದನ್ನು ಬಿಡಲು ಒಂದು ಸಣ್ಣ ದಾರಿ ಕಂಡಿದ್ದರೂ ಬಿಟ್ಟುಬಿಡುತ್ತಿದ್ದಳು.

ಬೆಳಿಗ್ಗೆ ಸೀಲು ಒಡೆದು ಪರದೆ ಕೈಗೆ ತೆಗೆದುಕೊಂಡಾಗ ಕೆಳ ಅಂಚಿನ ಒಳಮೂಲೆಯಲ್ಲಿ ಆ ಗಂಟು ಕಂಡಿತ್ತು. ಮೂರು ಸುತ್ತು, ಅಕ್ಕಿಕಾಳಿನಷ್ಟು, ಹಸಿರು ನೂಲು. ಅದನ್ನು ನೋಡಿದ ಮೇಲೆ ಅವಳು ಯಾರಿಗೂ ಏನೂ ಹೇಳಲಿಲ್ಲ. ಸಾಕ್ಷ್ಯದ ವಸ್ತುವನ್ನು ಚೀಲಕ್ಕೆ ತುಂಬಿಕೊಂಡು ನೇರ ಅಕ್ಕನ ಅಂಗಡಿಗೆ ಬಂದಿದ್ದಳು. ಹದಿನೈದು ವರ್ಷದ ನೌಕರಿಯಲ್ಲಿ ಮೊದಲನೆಯ ಸಲ ಕಾನೂನು ಮುರಿದಿದ್ದಳು, ಅದೂ ಅಕ್ಕನಿಗೋಸ್ಕರ.

ಅಂಗಡಿಯ ಶಟರು ಅರ್ಧ ಎಳೆದಿತ್ತು. ಸೆಕೆಗೆ ಬೀದಿಯ ಕಡೆಯ ಕಿಟಕಿ ತೆರೆದಿತ್ತು. ಕಿಟಕಿಯ ಆಚೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವಳ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಸ್ಟೋರ್‌ಕೀಪರನ ಹೆಂಡತಿ ಕೂತಿದ್ದಳು. ಐದು ಗಂಟೆಗೆ ಅವಳನ್ನು ದೊಡ್ಡ ಸಾಹೇಬರ ಮುಂದೆ ಕೂರಿಸಿ ಹೇಳಿಕೆ ಬರೆಸಬೇಕಿತ್ತು. ಇಲ್ಲದಿದ್ದರೆ ಫೈಲು ಮುಚ್ಚುತ್ತದೆ. ಪರದೆ ಕದ್ದು ಮಾರಿದವನು ಸ್ಟೋರ್‌ಕೀಪರನೇ, ಹೊಸದನ್ನು ನೇತುಹಾಕುವಾಗ ಬಿದ್ದು ಸತ್ತ ಎಂದು ಷರಾ ಬೀಳುತ್ತದೆ. ಆಮೇಲೆ ಆ ಹೆಂಗಸಿಗೆ ಪೆನ್ಷನ್ನೂ ಇಲ್ಲ, ಕ್ವಾರ್ಟರ್ಸೂ ಇಲ್ಲ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲಮ್ಮ," ಎಂದು ಬೆಳಿಗ್ಗೆ ಆಕೆ ಹೇಳಿದ್ದಳು. "ನನಗೆ ಪೆನ್ಷನ್ ಬೇಡ. ಅವರು ಕಳ್ಳ ಅಲ್ಲ ಅಂತ ಬರ್ಕೊಡಿ, ಸಾಕು."

ಆಕೆ ಹೇಳಬೇಕಾಗಿದ್ದದ್ದು ಒಂದೇ ಸಂಗತಿ. ಆ ದಿನ ಬಾಗಿಲ ಹೊರಗೆ ನಿಂತು, ಪರದೆ ಬಂದಿದೆ ಎಂದು ಗಂಡನನ್ನು ಕರೆದೊಯ್ದವನ ಮುಖ ಕಂಡಿರಲಿಲ್ಲ, ದನಿ ಕೇಳಿದ್ದಳು. ಇನ್ನೊಮ್ಮೆ ಕೇಳಿದರೆ ಗುರುತು ಹಿಡಿಯುತ್ತೇನೆ ಎಂದಿದ್ದಳು.

"ಐದೇ ನಿಮಿಷ, ಇಲ್ಲೇ ಇರಿ," ಎಂದು ಆಕೆಯನ್ನು ಜೀಪಿನಲ್ಲಿ ಕೂರಿಸಿ ಜಿಗಣೆ ಒಳಗೆ ಬಂದಿದ್ದಳು. ಡ್ರೈವರ್ ಮಾತಾಡದೆ ಆಕೆಯ ಕೈಗೆ ನೀರಿನ ಬಾಟಲಿ ಕೊಟ್ಟಿದ್ದ. ಕೂತಲ್ಲಿ ನಿಂತಲ್ಲಿ ವಟಗುಟ್ಟುವ ಆಸಾಮಿ ಇವತ್ತು ದಾರಿಯುದ್ದಕ್ಕೂ ತುಟಿ ಪಿಟಕ್ಕೆಂದಿರಲಿಲ್ಲ. ಗಂಡನ್ನ ಕಳಕೊಂಡ ಹೆಂಗಸಿನ ಮುಂದೆ ಹರಟೆ ಬೇಡ ಅನ್ನುವಷ್ಟು ತಿಳಿವಳಿಕೆ ಇದೆಯಲ್ಲ ಎಂದು ಜಿಗಣೆ ಮೆಚ್ಚಿಕೊಂಡಿದ್ದಳು.

ಅಕ್ಕ ಕೊನೆಗೂ ಎದ್ದು ಬಂದಳು. ಕನ್ನಡಕ ಹಣೆಗೇರಿಸಿದಳು. ಪರದೆಯನ್ನು ಮುಟ್ಟಲಿಲ್ಲ.

"ಹಸಿರು ದಾರ ಪೇಟೇಲೆಲ್ಲ ಸಿಗತ್ತೆ ಕಣೇ."

ಜಿಗಣೆ ತನ್ನ ಇಲಾಖೆಯ ಕೋಟು ಬಿಚ್ಚಿ, ಒಳಮಡಿಕೆ ತಿರುವಿ ಮೇಜಿನ ಮೇಲಿಟ್ಟಳು. ಅಲ್ಲೂ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಗಂಟು. ಅವಳ ಶಾಲೆಯ ಲಂಗದಲ್ಲಿ ಇದ್ದದ್ದು ಅದೇ, ಕಾಲೇಜಿನ ಅಂಗಿಯಲ್ಲಿದ್ದದ್ದೂ ಅದೇ. ಎಂದೋ ಅಗ್ಗಕ್ಕೆ ಸಿಕ್ಕ ಹಸಿರು ನೂಲಿನ ದೊಡ್ಡ ಉಂಡೆಯನ್ನು ಮುಗಿಸಲಿಕ್ಕೆ ಅಕ್ಕ ಹಚ್ಚಿಕೊಂಡ ಚಾಳಿ. ಉಂಡೆ ಮುಗಿದರೂ ಚಾಳಿ ಮುಗಿಯಲಿಲ್ಲ.

"ಈಗ ಹೇಳು."

ಅಕ್ಕ ಸ್ಟೂಲಿನ ಮೇಲೆ ಕುಸಿದಳು.

"ಹೌದು. ನಂದೇ."

ಎರಡು ಮಾತು ಅಷ್ಟೆ. ಜಿಗಣೆಗೆ ಸುಳ್ಳನ್ನೇ ಹೇಳಬಾರದಿತ್ತೇ ಎನಿಸಿತು.

"ನಾಲ್ಕು ವರ್ಷದಲ್ಲಿ ಹನ್ನೆರಡು ಸಲ ಹೊಸ ಪರದೆ ಅಂತ ಬಿಲ್ಲಾಗಿದೆ. ಅರವತ್ನಾಲ್ಕು ಕಿಟಕಿಗೆ. ಮಂತ್ರಿಗಳು ಅಲ್ಲಿ ವರ್ಷಕ್ಕೆ ಮೂರು ದಿನ ಮಲಗ್ತಾರೆ. ಬಿಲ್ಲಿನಲ್ಲಿ ಬಣ್ಣ ಬರೆದಿದ್ದಾರೆ ನೋಡಕ್ಕ. ಮೊದಲು ಕೆನೆ. ಆಮೇಲೆ ಹಳದಿ. ಆಮೇಲೆ ಕಿತ್ತಳೆ, ಇಟ್ಟಿಗೆ, ಕಂದು. ಒಂದು ಸಲವಾದ್ರೂ ತಿಳಿ ಬಣ್ಣಕ್ಕೆ ವಾಪಸ್ ಬಂದಿದೆಯಾ? ಇಲ್ಲ. ಹೋಗ್ತಾ ಹೋಗ್ತಾ ಕಪ್ಪಿಗೆ ಬಂದು ನಿಂತಿದೆ. ಮಂತ್ರಿಗಳ ರುಚಿ ಅಷ್ಟು ಕಪ್ಪಾಯ್ತೇನೋ ಅಂದ್ಕೊಂಡಿದ್ದೆ."

"ಹಳೇ ಬಟ್ಟೆಗೆ ಬಣ್ಣ ಹಾಕಿದ್ರೆ ಗಾಢಕ್ಕೇ ಹೋಗೋದು," ಎಂದಳು ಅಕ್ಕ, ಮೆಲ್ಲಗೆ, ಪಾಠ ಒಪ್ಪಿಸುವವಳಂತೆ. "ನನ್ನ ದಾರ ಪಾಲಿಯೆಸ್ಟರು. ಅದು ಬಣ್ಣ ಕುಡಿಯಲ್ಲ. ಅದಕ್ಕೇ ಹಸಿರು ಹಾಗೇ ಉಳಿದಿದೆ."

"ಅಂದ್ರೆ ಒಂದೇ ಪರದೆ."

"ಒಂದೇ. ಮೊದಲ್ನೇ ಸಲ ಹೊಸ ಬಟ್ಟೆ ತಂದ್ರು, ಹೊಲಿದೆ. ಆಮೇಲೆಲ್ಲ ಬಣ್ಣದವನ ಹತ್ರ ಹೋಗಿ ನನ್ನ ಹತ್ರ ಬರ್ತಿತ್ತು. ಮೇಲಿನ ನೆರಿಗೆ ಬದಲಾಯಿಸಿ ಇಸ್ತ್ರಿ ಮಾಡಿಕೊಡ್ತಿದ್ದೆ. ಕೆಳ ಅಂಚು ಮುಟ್ಟು ಅಂತ ಯಾರೂ ಹೇಳ್ಲಿಲ್ಲ, ನಾನೂ ಮುಟ್ಟಲಿಲ್ಲ."

"ಎರಡನೇ ಸಲ ಬಂದಾಗಲೇ ನಿನ್ನ ಗಂಟು ನಿನಗೆ ಗೊತ್ತಾಗಿರತ್ತೆ."

ಅಕ್ಕ ಮೇಜಿನ ಮೇಲಿನ ನೂಲಿನ ಚೂರುಗಳನ್ನು ಒಟ್ಟುಮಾಡತೊಡಗಿದಳು.

"ನನ್ನ ತಂಗಿ ಭ್ರಷ್ಟರನ್ನ ಹಿಡಿಯೋಳು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ, ಅಕ್ಕ. ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ವಾ?"

"ನಾನು ಕದ್ದಿಲ್ಲ ಕಣೇ ಪುಟ್ಟಿ. ಹೊಲಿದೆ ಅಷ್ಟೆ. ಹೊಲಿದಿದ್ದಕ್ಕೆ ಕೂಲಿ ತಗೊಂಡೆ."

"ಬಾಯೂ ಹೊಲಿದುಕೊಂಡೆ."

ಹೊರಗೆ ಮೆಟ್ಟಿಲ ಮೇಲೆ ಸ್ಟೀಲಿನ ಸದ್ದಾಯಿತು. ಡ್ರೈವರ್ ಮಧ್ಯಾಹ್ನದ ಡಬ್ಬಿ ತೊಳೆದು ತಂದಿಟ್ಟಿರಬೇಕು. ಎಂಟು ವರ್ಷದಿಂದ ಅದೊಂದು ಪದ್ಧತಿ: ಮಧ್ಯಾಹ್ನ ಅಕ್ಕನ ಅಂಗಡಿಯಿಂದ ಜಿಗಣೆಯ ಊಟದ ಡಬ್ಬಿ ಒಯ್ಯುವುದು, ಸಂಜೆಗೆ ತೊಳೆದ ಡಬ್ಬಿ ಮರಳಿಸುವುದು. ಮಗನಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ಅಕ್ಕ ಹತ್ತು ಸಲ ಹೇಳಿದ್ದಳು.

ಜಿಗಣೆ ಪರದೆಯ ಅಂಚನ್ನು ಹಿಡಿದುಕೊಂಡು ನಿಂತೇ ಇದ್ದಳು. ಅವಳಿಗೆ ಆಸ್ಪತ್ರೆಯ ಆ ವಾರ್ಡು ನೆನಪಾಯಿತು. ಮರೆತಿದ್ದರೆ ತಾನೇ ನೆನಪಾಗಲಿಕ್ಕೆ.

"ಅಮ್ಮ ಸಾಯುವಾಗ ಆ ದೊಡ್ಡಾಸ್ಪತ್ರೇಲಿ ಏನಾಯ್ತು, ಹೇಳು."

"ಅದ್ಯಾಕೆ ಈಗ?"

"ಹೇಳು. ಮೂವತ್ತು ಹಾಸಿಗೆ, ನಡುವೆ ಒಂದು ಪರದೆ ಇರಲಿಲ್ಲ. ಅಮ್ಮನ ಬಟ್ಟೆ ಬದಲಾಯಿಸಬೇಕಿತ್ತು. ಎದುರಿನ ಹಾಸಿಗೆಯ ಗಂಡಸರು ಕೂತು ನೋಡ್ತಿದ್ರು. ಒಂದು ಪರದೆ ಕೊಡಿ ಅಂತ ನೀನು ನರ್ಸಮ್ಮನ ಕಾಲು ಹಿಡಿಯೋದೊಂದು ಬಾಕಿ. ಅನುದಾನ ಬಂದಿಲ್ಲ ಅಂದ್ರು. ಆಮೇಲೆ ನೀನೇನು ಮಾಡಿದೆ?"

ಅಕ್ಕನ ಕಣ್ಣು ತುಂಬಿತು. "ನನ್ನ ಶಾಲು ಹಿಡಕೊಂಡು ನಿಂತೆ."

"ಎಷ್ಟು ಹೊತ್ತು?"

"ಕೈ ಸೋಲೋವರೆಗೂ."

"ಸೋತ ಮೇಲೆ ನಾನು ಹಿಡಕೊಂಡೆ. ಅದೇ ಸರ್ಕಾರ ಅಕ್ಕ. ಅದೇ ದುಡ್ಡು. ನೀನು ಸೂಜಿ ಕೊಂಡಾಗ ಕೊಟ್ಟ ತೆರಿಗೆ, ನಾನು ಬಸ್ ಹತ್ತಿದಾಗ ಕೊಟ್ಟ ತೆರಿಗೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತ ಬಯ್ಕೊಂಡು ಬಂದೋರು ನಾವು. ಆ ಹೂವು ಕಟ್ಟಿಕೊಟ್ಟೋಳು ನೀನೇ ಅಂತ ಇವತ್ತು ಗೊತ್ತಾಯ್ತು."

ಅಕ್ಕ ಹೆಗಲಿನ ಮೇಲಿದ್ದ ಅಳತೆ ಪಟ್ಟಿಯ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಆಮೇಲೆ ಏಕೋ ಅವಳ ದನಿ ಗಟ್ಟಿಯಾಯಿತು.

"ನಿನ್ನ ಪರೀಕ್ಷೆ, ನಿನ್ನ ಕೋಟು, ನಿನ್ನ ಬೂಟು, ಎಲ್ಲ ಈ ಮಷಿನ್ನಿಂದ್ಲೇ ಬಂದಿದ್ದು. ಆಗ ಎಲ್ಲಿಂದ ಬಂತು ಅಂತ ಕೇಳಿದ್ಯಾ ನೀನು?"

"ಕೇಳಬೇಕಿತ್ತು," ಎಂದಳು ಜಿಗಣೆ.

ಆಮೇಲೆ ಇನ್ಸ್‌ಪೆಕ್ಟರಿನ ದನಿಯಲ್ಲಿ ಹೇಳಿದಳು: "ಅಂಚು ಬಿಚ್ಚು. ಒಳಗೇನೋ ಇದೆ."

ಅಕ್ಕ ಅಲುಗಲಿಲ್ಲ.

"ಡಾಕ್ಟರ್ ವರದಿಯಲ್ಲಿ ಒಂದು ಸಾಲಿದೆ. ಸತ್ತವನ ಬಲಗೈ ಬೆರಳೆರಡು ಪರದೆಯ ಅಂಚಿನ ಒಳಗಿದ್ವು. ಪಕ್ಕದಲ್ಲಿ ಕರಿ ದಾರ ಪೋಣಿಸಿದ ಸೂಜಿ ನೇತಾಡ್ತಿತ್ತು. ಏಣಿ ಮೇಲಿದ್ದವನಿಗೆ ಕೆಳಗಿನ ಅಂಚು ಕೈಗೆ ಸಿಗೋದು ಹೇಗೆ? ಅವನು ನೆಲದ ಮೇಲೆ ಕೂತು ಹೊಲೀತಿದ್ದ ಅಕ್ಕ. ಏಣಿ ಆಮೇಲೆ ಬಂತು. ಅಷ್ಟರಲ್ಲಿ ಕಾವಲುಗಾರನ ಹೆಜ್ಜೆ ಸದ್ದಾಗಿ, ಬಂದೋನು ಪರದೆ ಬಿಟ್ಟು ಓಡಿದ. ಏನು ಹೊಲೀತಿದ್ದ, ಬಿಚ್ಚಿ ತೋರಿಸು."

ಅಕ್ಕ ಕತ್ತರಿ ತೆಗೆದುಕೊಂಡಳು. ಮೂಲೆಯಲ್ಲಿ ಅಡ್ಡಾದಿಡ್ಡಿ ಕರಿ ಹೊಲಿಗೆ, ಯಾವತ್ತೂ ಸೂಜಿ ಹಿಡಿಯದ ಗಂಡಸಿನ ಕೈಯದು. ಅರ್ಧ ಹೊಲಿದು ಬಿಟ್ಟಿತ್ತು. ಅವಳು ಅದನ್ನು ಬಿಡಿಸಿ, ಅಂಚನ್ನು ಎತ್ತಿ ಮೆಲ್ಲಗೆ ಕೊಡವಿದಳು.

ಗುಂಡಿಗಳು ಉದುರಿದವು. ದಿಂಬಿನ ಚೀಲಕ್ಕೆ ಹಾಕುವ, ಹತ್ತಿ ಬಟ್ಟೆ ಹೊದಿಸಿದ ಸಾದಾ ಗುಂಡಿಗಳು. ಒಂದು ಅಚ್ಚ ಬಿಳಿ. ಒಂದು ತುಸು ನೀಲಿ. ಒಂದು ಮಾಸಲು ಕಂದು. ಇನ್ನೊಂದು ಇದ್ದಿಲಿನ ಬಣ್ಣ.

ಜಿಗಣೆ ಅವನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿದಳು. ಅತಿ ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ. ಹನ್ನೊಂದಾದವು. ಜೋಡಿಸುತ್ತಿದ್ದ ಹಾಗೆ ಅವಳಿಗೆ ಆ ಸತ್ತ ಮನುಷ್ಯನ ಬುದ್ಧಿ ಅರ್ಥವಾಯಿತು. ಹಳೇ ಪರದೆ ಹೊಸದೆಂದು ಬಂದಾಗಲೆಲ್ಲ ಅವನು ಒಂದು ಗುಂಡಿ ಒಳಗೆ ಹಾಕಿದ್ದ. ಮುಂದಿನ ಸಲ ಬಟ್ಟೆಯ ಜೊತೆ ಗುಂಡಿಯೂ ಬಣ್ಣದ ಹಂಡೆಯಲ್ಲಿ ಮುಳುಗುತ್ತಿತ್ತು. ಮೊದಲು ಹಾಕಿದ್ದು ಹತ್ತು ಸಲ ಮುಳುಗಿ ಇದ್ದಿಲಾಯಿತು. ಕೊನೆಯದು ಒಮ್ಮೆಯೂ ಮುಳುಗಲಿಲ್ಲ. ಯಾವ ದಾಖಲೆಯನ್ನು ಬೇಕಾದರೂ ಸುಡಬಹುದು, ಯಾವ ಸಹಿಯನ್ನು ಬೇಕಾದರೂ ಅಲ್ಲಗಳೆಯಬಹುದು. ಈ ಹನ್ನೊಂದು ಗುಂಡಿಗಳ ಮುಂದೆ ಯಾವ ಮಂತ್ರಿಯ ವಕೀಲನೂ ಬಾಯಿ ಬಿಡುವಂತಿರಲಿಲ್ಲ.

"ಕಳ್ಳ ಅಲ್ಲ," ಎಂದಳು ಅವಳು ತನ್ನಷ್ಟಕ್ಕೆ. ಜೀಪಿನಲ್ಲಿ ಕೂತವಳಿಗೆ ಓಡಿಹೋಗಿ ಹೇಳಿಬಿಡೋಣ ಅನ್ನಿಸಿತು.

ಆಗ ಅಕ್ಕ ಅಂದಳು: "ಹತ್ತು ಇದ್ದಿದ್ದು ನನಗೆ ಗೊತ್ತಿತ್ತು."

"ಏನು?"

"ಇಸ್ತ್ರಿ ಪೆಟ್ಟಿಗೆ ಟಕ್ ಅಂತ ತಗುಲ್ತು. ಒಳಗೆ ಬೆರಳು ಹಾಕಿ ನೋಡಿದೆ. ಯಾರೋ ಎಣಿಸ್ತಿದ್ದಾರೆ ಅಂತ ಹೊಳೀತು. ಹೆದರಿಕೆ ಆಯ್ತು ಪುಟ್ಟಿ. ಗುಂಡಿ ಹಿಡಿದು ಎಳೆದ್ರೆ ದಾರ ನನ್ನ ಕೈಗೇ ಬರತ್ತಲ್ಲ. ಅದಕ್ಕೆ ಹೇಳ್ಬಿಟ್ಟೆ."

"ಯಾರಿಗೆ?"

"ಪರದೆ ತಂದುಕೊಡೋನಿಗೆ. ನೋಡಪ್ಪ, ಸ್ಟೋರಿನಲ್ಲಿ ಯಾರೋ ಲೆಕ್ಕ ಇಡ್ತಿದ್ದಾರೆ, ಇನ್ನು ನನಗೆ ತರಬೇಡ ಅಂದೆ. ಅಷ್ಟೆ ಅಂದಿದ್ದು. ದೇವರಾಣೆ ಅಷ್ಟೆ."

"ಯಾವಾಗ?"

"ಹದಿನೈದು ದಿನ ಆಯ್ತು."

ಅದಾಗಿ ಆರು ದಿನಕ್ಕೆ ಸ್ಟೋರ್‌ಕೀಪರ್ ಸತ್ತಿದ್ದ. ಲೆಕ್ಕ ಹಾಕಲು ಬೆರಳೂ ಬೇಕಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ಇಷ್ಟು ದಿನ ಈ ಲೆಕ್ಕವನ್ನು ಹಾಕದೆ ದೂರವಿಟ್ಟಿದ್ದಳು ಎಂದು ಆ ಮುಖ ಹೇಳುತ್ತಿತ್ತು.

"ತಂದುಕೊಡೋನು ಯಾರು, ಅಕ್ಕ?"

"ಅವನು ಪಾಪದವನು ಕಣೇ. ಹೇಳಿದ್ದು ಮಾಡ್ತಾನೆ. ಅವನಿಂದ ಅಂಥಾ ಕೆಲಸ ಆಗಲ್ಲ."

"ಹೆಸರು ಹೇಳು."

ಅಕ್ಕ ತಲೆ ಅಡ್ಡಡ್ಡ ಆಡಿಸುತ್ತ, ಮಾತು ತಪ್ಪಿಸಲೆಂದೇ ಪರದೆಯನ್ನು ಮಡಿಸತೊಡಗಿದಳು. ಮಡಿಕೆ ಜಗ್ಗಿದಾಗ ಅಂಚಿನ ಆಳದಿಂದ ಇನ್ನೊಂದು ಗುಂಡಿ ಜಾರಿ, ಮೇಜಿನಿಂದ ನೆಲಕ್ಕೆ ಬಿದ್ದು, ಸುತ್ತು ಹೊಡೆದು ನಿಂತಿತು.

ಹನ್ನೆರಡನೆಯದು. ದಿಂಬಿನ ಗುಂಡಿಯಲ್ಲ, ಹಿತ್ತಾಳೆಯದು. ಹಿಂಬದಿಯ ಕೊಂಡಿಗೆ ಖಾಕಿ ನೂಲಿನ ಒಂದು ಎಳೆ ಅಂಟಿಕೊಂಡಿತ್ತು, ಜಗ್ಗಿ ಕಿತ್ತ ಹಾಗೆ.

ಜಿಗಣೆ ಬಗ್ಗಿ ಎತ್ತಿಕೊಂಡಳು. ಮೇಲೆ ಕೆತ್ತಿದ್ದ ಮುದ್ರೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೇಜಿನ ಮೇಲಿದ್ದ ಅವಳ ಕೋಟಿಗೆ ಅಂಥವೇ ಆರು ಗುಂಡಿಗಳಿದ್ದವು. ಜಾಗೃತ ದಳದ ಗುಂಡಿ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಾಯುವಾಗ ಆ ಮನುಷ್ಯ ಹೊಡೆಯಲು ಬಂದವನ ತೋಳು ಹಿಡಿದಿದ್ದಾನೆ. ಕೈಗೆ ಸಿಕ್ಕಿದ್ದನ್ನು ನಾಲ್ಕು ವರ್ಷದ ಅಭ್ಯಾಸದಂತೆ ಅಂಚಿನೊಳಗೆ ತಳ್ಳಿದ್ದಾನೆ.

"ಅಕ್ಕ?"

ಅಕ್ಕ ಗುಂಡಿಯನ್ನೇ ನೋಡುತ್ತಿದ್ದಳು.

"ಹೋದ ವಾರ ನಾನೇ ಹೊಲಿದುಕೊಟ್ಟೆ," ಎಂದಳು. "ಎಲ್ಲೋ ಬಿದ್ದುಹೋಯ್ತು ಅಕ್ಕ, ಹಾಕ್ಕೊಡಿ ಅಂದ. ಹಿತ್ತಾಳೇದು ನನ್ನ ಹತ್ರ ಇರಲಿಲ್ಲ. ಕರೀದೊಂದು ಹಾಕಿದೆ. ಬಲತೋಳಿಗೆ."

"ಯಾರು?"

"ಡಬ್ಬಿ ತಗೊಂಡು ಹೋಗೋಕೆ ಬಂದಾಗಲೇ ತರ್ತಿದ್ದ. ಹತ್ತು ಹತ್ತು ಪರದೆ. ನಿನ್ನ ಜೀಪಲ್ಲೇ ತರ್ತಿದ್ದ ಪುಟ್ಟಿ."

ಅಕ್ಕನ ಕಣ್ಣು ಕಿಟಕಿಯ ಕಡೆ ಹೊರಳಿತು.

ಜಿಗಣೆಗೆ ಮೊದಲು ಹೊಳೆದದ್ದು ಕರೀ ಗುಂಡಿಯಲ್ಲ, ಇವತ್ತಿನ ಮೌನ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ನೀರು ಬೇಕಾ ಅಂತ ಕೂಡ ಬಾಯಿಬಿಟ್ಟು ಕೇಳಲಿಲ್ಲ. ಹಿಂದೆ ಕೂತವಳು ದನಿ ಗುರುತು ಹಿಡಿಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಆಕೆ ಅದನ್ನು ಹೇಳಿದಾಗ ಅವನು ಬಾಗಿಲಲ್ಲೇ ನಿಂತಿದ್ದ.

ಜೀಪಿನ ಇಂಜಿನ್ನು ಗುರುಗುಟ್ಟಿತು.

ಅವಳು ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ನುಗ್ಗಿದಳು. ಬೆನ್ನಿಗೆ ತಗಡು ಗೀರಿದ್ದು ತಿಳಿಯಲಿಲ್ಲ. ಮೆಟ್ಟಿಲು ಇಳಿಯುವಷ್ಟರಲ್ಲಿ ಜೀಪು ಬೀದಿಯ ತಿರುವಿನಲ್ಲಿತ್ತು. ಹಿಂದಿನ ಕಿಟಕಿಯಲ್ಲಿ ಸ್ಟೋರ್‌ಕೀಪರನ ಹೆಂಡತಿಯ ಮುಖ ಕಂಡಿತು. ಏನೂ ಅರಿಯದ ಆಕೆ, ನೀವು ಆಮೇಲೆ ಬರುತ್ತೀರಾ ಎಂದು ಕೇಳುವವಳ ಹಾಗೆ ಅವಳನ್ನೇ ನೋಡುತ್ತಿದ್ದಳು. ಜಿಗಣೆ ಕೂಗಿದಳು. ಜೀಪು ತಿರುಗಿ ಮರೆಯಾಯಿತು.

ಎಂಟು ವರ್ಷ. ಹೆರಿಗೆಯ ರಜೆ ಮುಗಿಸಿ ಬಂದ ದಿನ ಅವಳ ಮಗುವಿಗೆ ಗಿಲಕಿ ತಂದುಕೊಟ್ಟವನು. ಅಕ್ಕನನ್ನು ಅಕ್ಕ ಎಂದೇ ಕರೆದವನು. ಉಂಡ ಮನೆಗೆ ಎರಡು ಬಗೆಯುವವರ ಮುಖ ಹೇಗಿರುತ್ತದೆ ಎಂದು ಕೇಳಿದ್ದರೆ ಅವಳು ಲೋಕದ ಎಲ್ಲ ಮುಖಗಳನ್ನೂ ಹೇಳಿ ಅವನದೊಂದನ್ನು ಬಿಡುತ್ತಿದ್ದಳು.

ಕಾಲಿಗೆ ಡಬ್ಬಿ ತಗುಲಿತು. ಎಂದಿನಂತೆ ತೊಳೆದು, ಒರೆಸಿ, ಮುಚ್ಚಳ ಬಿಗಿಮಾಡಿ ಮೆಟ್ಟಿಲ ಬದಿಗೆ ಇಟ್ಟಿದ್ದ.

ಅವಳು ಫೋನು ತೆಗೆದಳು. ಇಂಥ ಹೊತ್ತಿನಲ್ಲಿ ಕರೆಯಬಹುದಾದವರು ಒಬ್ಬರೇ. ಅವಳನ್ನು ಇಲಾಖೆಗೆ ಆರಿಸಿದವರು, ಈ ಕೇಸನ್ನು ಬೇರೆ ಯಾರಿಗೂ ಕೊಡದೆ ಅವಳ ಕೈಗೇ ಕೊಟ್ಟವರು, ತಂದೆಯಿಲ್ಲದವಳಿಗೆ ತಂದೆಯ ಹಾಗೆ ನಿಂತ ದೊಡ್ಡ ಸಾಹೇಬರು. ನಂಬರು ಒತ್ತುವ ಮೊದಲೇ ಫೋನು ರಿಂಗಾಯಿತು. ಅವರದೇ.

"ಸರ್," ಎಂದಳು, ಏದುಸಿರಿನಲ್ಲಿ. "ಸರ್, ಎಲ್ಲ ರಸ್ತೆ ತಡೀಬೇಕು. ನನ್ನ ಜೀಪು..."

"ನಿಧಾನ, ನಿಧಾನ," ಎಂದರು ಸಾಹೇಬರು. ಅದೇ ಮೃದು ದನಿ, ಕಷ್ಟದಲ್ಲಿದ್ದಾಗಲೆಲ್ಲ ಅವಳ ಬೆನ್ನು ತಟ್ಟಿದ ದನಿ. "ಜೀಪಿನ ವಿಷಯ ಆಮೇಲೆ ನೋಡೋಣ."

ಆಚೆಯಿಂದ ಅವರು ಚಹಾ ಹೀರಿದ ಸದ್ದು ಕೇಳಿಸಿತು. ಅಂಚಿನೊಳಗಿನದರ ಬಗ್ಗೆ ಜಿಗಣೆ ಅವರಿಗೆ ಒಂದಕ್ಷರವೂ ಹೇಳಿರಲಿಲ್ಲ. ತೆರೆದ ಕಿಟಕಿಯ ಆಚೆಯಿಂದ ಅದನ್ನು ಕೇಳಿಸಿಕೊಂಡು ಅವರಿಗೆ ಮುಟ್ಟಿಸಬಲ್ಲವನು ಒಬ್ಬನೇ ಇದ್ದ.

"ಹನ್ನೆರಡನೇದೂ ಸಿಕ್ತೇನಮ್ಮ?"